ಅಹಲ್ಯಾ ಹೇಳದೆ ಹೋದ ಅಂಕಿ

ಜನವರಿಯ ಆ ಮಂಗಳವಾರ ಬೆಳಿಗ್ಗೆ ಏಳು ಗಂಟೆಯಾದರೂ ಅಂಕಿ ಬರಲಿಲ್ಲ. ನಾನು ಹಾಸಿಗೆಯಲ್ಲಿ ಎದ್ದು ಕುಳಿತು, ಮೊಣಕಾಲಿಗೆ ಶಾಲು ಸುತ್ತಿಕೊಂಡು, ತೊಡೆಯ ಮೇಲೆ ಪುಸ್ತಕ ತೆರೆದಿಟ್ಟು ಪೆನ್ಸಿಲ್ ಹಿಡಿದು ಕಾಯುತ್ತಿದ್ದೆ. ನನ್ನ ಹೆಂಡತಿ ಅಹಲ್ಯಾ ತಾರಸಿಯಿಂದ ಕಬ್ಬಿಣದ ಮೆಟ್ಟಿಲಿಳಿದು ಬಂದದ್ದು ಕೇಳಿಸಿತ್ತು. ದೇವರ ಮನೆಯಲ್ಲಿ ಬೆಂಕಿಕಡ್ಡಿ ಗೀರಿದ ಸದ್ದೂ ಕೇಳಿಸಿತ್ತು. ಆಮೇಲೆ ಏನೂ ಇಲ್ಲ. "ಎಷ್ಟು?" ಎಂದು ಕೂಗಿದೆ. ಸ್ವಲ್ಪ ತಡೆದು ಇನ್ನೊಮ್ಮೆ ಕೂಗಿದೆ. ಊರುಗೋಲು ಹಿಡಿದು ಹೋಗಿ ನೋಡಿದಾಗ ದೀಪ ಉರಿಯುತ್ತಿತ್ತು. ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಎರಡನೆಯ ಬತ್ತಿ ಇನ್ನೂ ಬೆರಳ ನಡುವೆಯೇ ಇತ್ತು.

ಮಗ ಸುರೇಶ ಪಕ್ಕದ ಬ್ಲಾಕಿನ ಡಾಕ್ಟರನ್ನು ಕರೆತಂದ. ಹೃದಯ ನಿಂತಿದೆ, ನೋವು ಗೊತ್ತಾಗಿರಲಾರದು ಎಂದು ಅವರು ಹೇಳಿದರು. ಎಲ್ಲರೂ ಅಳುತ್ತಿದ್ದಾಗ ನಾನು ಅಳಲಿಲ್ಲ. ಕೈಯಲ್ಲಿ ಪೆನ್ಸಿಲ್ ಹಾಗೆಯೇ ಇತ್ತೆಂದು ಸೊಸೆ ಹರ್ಷಿಣಿ ಆಮೇಲೆ ಹೇಳಿದಳು. ಅವಳೇ ಅದನ್ನು ನನ್ನ ಬೆರಳಿನಿಂದ ಬಿಡಿಸಿದಳಂತೆ.

ನಾನು ಹವಾಮಾನ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ಅದರಲ್ಲಿ ಹೆಚ್ಚಿನ ವರ್ಷಗಳು ಈ ದಿಲ್ಲಿಯಲ್ಲಿಯೇ ಕಳೆದವು. ನಕ್ಷೆಯ ಮೇಲೆ ಊರೂರಿನ ಗಾಳಿಯ ಒತ್ತಡ ಬರೆದು, ಒಂದೇ ಒತ್ತಡದ ಊರುಗಳನ್ನು ಸೇರಿಸಿ ಪೆನ್ಸಿಲ್ಲಿನಿಂದ ಗೆರೆ ಎಳೆದು, ನಾಳೆ ಬೆಳಿಗ್ಗೆ ಎಷ್ಟು ಚಳಿ ಬಿದ್ದೀತು ಎಂದು ಹೇಳುವುದು ನನ್ನ ಕೆಲಸ. ರೋಹಿಣಿ ಬಡಾವಣೆಯಲ್ಲಿ ಈ ಮನೆ ಕೊಂಡಾಗ ತಾರಸಿಯ ಹಕ್ಕೂ ನಮಗೇ ಬಂತು. ಅಲ್ಲಿ ಒಂದು ಬಿಳಿ ಮರದ ಪೆಟ್ಟಿಗೆ ಮಾಡಿಸಿ ಅದರೊಳಗೆ ಥರ್ಮಾಮೀಟರು ಇಟ್ಟೆ. ಬೆಳಗಿನ ಹೊತ್ತು ನಾನು ಡ್ಯೂಟಿಯಲ್ಲಿ ಇರುತ್ತಿದ್ದುದರಿಂದ ನೋಡುವ ಕೆಲಸ ಅಹಲ್ಯಾಳಿಗೆ ಬಿತ್ತು. ಇಪ್ಪತ್ತೆರಡು ವರ್ಷ ಅವಳೇ ನೋಡಿದಳು. ನಾನು ನಿವೃತ್ತನಾದ ಮೇಲೂ ಆ ಕೆಲಸವನ್ನು ನನಗೆ ಬಿಟ್ಟುಕೊಡಲಿಲ್ಲ. ಮನೆಗೆ ಬಂದವರಿಗೆಲ್ಲ "ನನ್ನ ಸವತಿ ತಾರಸಿ ಮೇಲಿದ್ದಾಳೆ, ಬೆಳಗಾದರೆ ಅವಳ ಮುಖ ನೋಡಬೇಕು" ಎನ್ನುವಳು.

ಆ ಥರ್ಮಾಮೀಟರು ಜ್ವರ ನೋಡುವುದರಂಥದಲ್ಲ. ಮಲಗಿಸಿದ ಗಾಜಿನ ಕೊಳವೆ, ಅದರ ಒಂದು ತುದಿಯಲ್ಲಿ ಗುಂಡು, ಒಳಗೆ ದ್ರವ, ದ್ರವದೊಳಗೆ ಒಂದು ಚಿಕ್ಕ ಕಪ್ಪು ಕಡ್ಡಿ. ಚಳಿ ಹೆಚ್ಚಿದಂತೆ ದ್ರವ ಗುಂಡಿನ ಕಡೆಗೆ ಕುಗ್ಗುತ್ತ ಕಡ್ಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಬಿಸಿಲೇರಿದಾಗ ದ್ರವ ಹಿಂದಿರುಗುತ್ತದೆ, ಕಡ್ಡಿ ಅಲ್ಲೇ ಉಳಿಯುತ್ತದೆ. ಕಡ್ಡಿ ನಿಂತ ಜಾಗವೇ ಆ ರಾತ್ರಿಯ ಅತಿ ಹೆಚ್ಚಿನ ಚಳಿ. ಯಾರಾದರೂ ಕೊಳವೆಯನ್ನು ಓರೆ ಮಾಡಿ ಕಡ್ಡಿಯನ್ನು ಜಾರಿಸುವವರೆಗೆ, ಇಲ್ಲವೆ ಅದಕ್ಕಿಂತ ಹೆಚ್ಚಿನ ಚಳಿ ಬಂದು ಎಳೆಯುವವರೆಗೆ, ಅದು ಅಲುಗುವುದಿಲ್ಲ.

ನಮ್ಮಲ್ಲಿ ಎರಡು ಪದ್ಧತಿಗಳಿದ್ದವು. ಒಂದು ಅವಳದು. ಬೆಳಿಗ್ಗೆ ಬಾಯಿಂದ ಬರುವ ಮೊದಲ ಮಾತು ದೇವರ ಹೆಸರಾಗಿರಬೇಕು. ಹಾಗಾಗಿ ತಾರಸಿಯಿಂದ ಇಳಿದು, ದೀಪ ಹಚ್ಚಿ, ಮೂರು ಸಲ ನಾರಾಯಣ ಎಂದ ಮೇಲೆಯೇ ಅಂಕಿ ಹೇಳುವಳು. ಇನ್ನೊಂದು ನನ್ನದು, ಆಫೀಸಿನ ಶಿಸ್ತು. ನಾನು ಮನೆಯಲ್ಲಾಗಲಿ, ಡ್ಯೂಟಿಯಿಂದ ಫೋನಿನಲ್ಲಾಗಲಿ, ಬರೆದುಕೊಂಡೆ ಎನ್ನುವ ತನಕ ಕೊಳವೆ ಓರೆ ಮಾಡಿ ಕಡ್ಡಿಯನ್ನು ಬೀಳಿಸಬಾರದು. ಸಂಶಯ ಬಂದರೆ ಮತ್ತೆ ನೋಡಬಹುದಲ್ಲ. ಹಾಗಾಗಿ ಅವಳು ಕಾಫಿಯಾದ ಮೇಲೆ ತಾರಸಿಯ ತುಳಸಿಗೆ ನೀರು ಹಾಕಲು ಹೋದಾಗ ಕಡ್ಡಿ ಬೀಳಿಸಿ ಬರುವಳು.

ಆ ಮಂಗಳವಾರ ದೀಪ ಹಚ್ಚಿದಳು. ನಾರಾಯಣ ಎಂದಳೋ ಇಲ್ಲವೋ ತಿಳಿಯದು, ಎಂದಿರಬೇಕೆಂದು ನಂಬಿದ್ದೇನೆ. ಅಂಕಿ ಮಾತ್ರ ಹೇಳಲಿಲ್ಲ. ಅವಳು ಕೊನೆಯದಾಗಿ ನೋಡಿ, ನನಗೆ ಹೇಳಬೇಕೆಂದು ಮನಸ್ಸಿನಲ್ಲಿ ಹೊತ್ತು ತಂದದ್ದು ಅದು. ಆ ಅಂಕಿ ತಾರಸಿಯ ಮೇಲೆ ಕಡ್ಡಿ ನಿಂತ ಜಾಗದಲ್ಲಿ ಇನ್ನೂ ಇತ್ತು.

ಇದು ನನಗೆ ಹೊಳೆದದ್ದು ಮೂರನೆಯ ದಿನ, ಸುರೇಶ ಅಸ್ಥಿ ತಂದ ಸಂಜೆ. ಹೊಳೆದ ಮೇಲೆ ಬೇರೆ ಯಾವುದರ ಮೇಲೂ ಮನಸ್ಸು ನಿಲ್ಲಲಿಲ್ಲ. ಆದರೆ ಯಾರಿಗೆ ಹೇಳುವುದು? ಮನೆ ತುಂಬ ಜನ. ಹೆಂಡತಿ ಸತ್ತ ಮನೆಯಲ್ಲಿ ಗಂಡ ಮೊನ್ನೆಯ ಚಳಿ ಎಷ್ಟಿತ್ತು ನೋಡಿ ಬನ್ನಿ ಎಂದು ಕೇಳಿದರೆ ಏನೆಂದುಕೊಂಡಾರು? ತಾರಸಿಯ ಬೀಗದ ಕೈ ಅವಳ ಸೆರಗಿನ ಗಂಟಿನಲ್ಲಿರುತ್ತಿತ್ತು, ಈಗ ಸುರೇಶನ ಜೇಬಿನಲ್ಲಿತ್ತು. ನಾಲ್ಕನೆಯ ದಿನ ಅವನನ್ನು ಕೇಳಿದೆ. ಮಂಗಗಳು ಬರುತ್ತವೆಂದು ಬೀಗ ಹಾಕಿದ್ದೇನೆ, ನೀವು ಮೇಲೆ ಹೋಗುವ ಯೋಚನೆ ಬಿಡಿ, ಮಂಡಿ ಆಪರೇಷನ್ ಆಗಿ ಮೂರು ತಿಂಗಳೂ ಆಗಿಲ್ಲ ಎಂದ. ಅವನ ಕಣ್ಣುಗಳು ಕೆಂಪಗಿದ್ದವು. ನಾನು ಕೋಣೆಗೆ ಮರಳಿದೆ.

ಕಾಯಲು ಧೈರ್ಯ ಕೊಟ್ಟದ್ದು ಮೋಡ. ಅವಳು ಹೋದ ಮಧ್ಯಾಹ್ನದಿಂದಲೇ ಪಶ್ಚಿಮದಿಂದ ಮೋಡದ ಸಾಲು ಬಂದು ದಿಲ್ಲಿಯ ಮೇಲೆ ಕವಿಯಿತು. ಮೋಡ ಕವಿದ ರಾತ್ರಿ ನೆಲದ ಬಿಸಿ ಮೇಲೆ ಹೋಗದೆ ಉಳಿಯುತ್ತದೆ, ಚಳಿ ಇಳಿಯುವುದಿಲ್ಲ. ಅವಳು ಹೋದ ಬೆಳಿಗ್ಗೆ ನಗರದ ಅಧಿಕೃತ ಅಂಕಿ ಆರು ದಶಮಾಂಶ ಎಂಟು ಎಂದು ಪತ್ರಿಕೆಯಲ್ಲಿತ್ತು. ಮರುದಿನ ಒಂಬತ್ತು, ಆಮೇಲೆ ಹತ್ತು, ಹನ್ನೊಂದು. ಕಡ್ಡಿಯನ್ನು ಎಳೆಯುವಷ್ಟು ಚಳಿ ಬಂದಿರಲಿಲ್ಲ. ಆರನೆಯ ದಿನ ತುಂತುರು ಬಿತ್ತು. ಗರುಡಪುರಾಣ ಓದುತ್ತಿದ್ದವರ ದನಿಯ ಹಿಂದೆ ಸಜ್ಜೆಯ ತಗಡಿನ ಮೇಲೆ ಹನಿ ಬೀಳುವುದು ಕೇಳುತ್ತಿತ್ತು. ಇನ್ನೊಂದು ರಾತ್ರಿ ಉಳಿಯಿತು ಎಂದುಕೊಂಡೆ. ಆ ಯೋಚನೆಗೆ ನಾಚಿಕೆಯೂ ಆಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಕಿಟಕಿಯಲ್ಲಿ ನೀಲಿ ಆಕಾಶ ಕಂಡಿತು. ಎದುರು ಮನೆಯವರು ಒಣಹಾಕಿದ ಬಟ್ಟೆ ಆಗ್ನೇಯದ ಕಡೆಗೆ ಹಾರಾಡುತ್ತಿತ್ತು. ಅಂದರೆ ಗಾಳಿ ವಾಯವ್ಯದಿಂದ, ಹಿಮ ಬಿದ್ದ ಬೆಟ್ಟಗಳ ಕಡೆಯಿಂದ.

ಸುರೇಶನ ಮೇಜಿನ ಮೇಲಿದ್ದ ಪ್ರಿಂಟರಿನಲ್ಲಿ ಊರೂರಿನ ಮಧ್ಯಾಹ್ನದ ಹವಾಮಾನದ ಅಂಕಿಗಳನ್ನು ತೆಗೆದುಕೊಡೆಂದು ಹರ್ಷಿಣಿಗೆ ಹೇಳಿದೆ. ಅವಳು ಯಾಕೆಂದು ಕೇಳದೆ ತಂದುಕೊಟ್ಟಳು. ಊಟದ ಮೇಜಿನ ಒಂದು ಮೂಲೆಯಲ್ಲಿ ಖಾಲಿ ನಕ್ಷೆ ಹರಡಿ ಕುಳಿತೆ. ಅಮೃತಸರ, ಹಿಸಾರ್, ಚುರು, ಅಂಬಾಲಾ, ದಿಲ್ಲಿ, ಆಗ್ರಾ. ಮೊದಲೆಲ್ಲ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದ ಗೆರೆ ಈಗ ಮೂರು ಕಡೆ ಮುರಿಯಿತು. ಆದರೂ ನಕ್ಷೆ ಸ್ಪಷ್ಟವಾಗಿಯೇ ಇತ್ತು. ಮೋಡದ ಸಾಲು ಪೂರ್ವಕ್ಕೆ ದಾಟಿ ಹೋಗಿತ್ತು. ರಾಜಸ್ಥಾನದ ಮೇಲೆ ಒತ್ತಡ ಏರುತ್ತಿತ್ತು. ಪಂಜಾಬಿನಿಂದ ನಮ್ಮವರೆಗೆ ಗೆರೆಗಳು ಹತ್ತಿರ ಹತ್ತಿರ ಬಂದಿದ್ದವು, ಅಂದರೆ ತಣ್ಣನೆಯ ಗಾಳಿ ಬಿರುಸಾಗಿ ಬರುತ್ತದೆ.

ಒಂದೇ ಒಂದು ಆಸೆ ಉಳಿದಿತ್ತು. ಮಳೆ ಬಿದ್ದ ನೆಲದಿಂದ ಸಂಜೆಗೇ ಮಂಜು ಎದ್ದರೆ ಅದೂ ಮೋಡದ ಹಾಗೆ ಹೊದಿಕೆಯಾಗುತ್ತದೆ, ಚಳಿ ತಡೆಯುತ್ತದೆ. ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ಊರೂರಿನ ಅಂಕಿ ನೋಡಿದೆ. ಹಿಸಾರಿನಲ್ಲಿ ಗಾಳಿ ಒಣಗಿಹೋಗಿತ್ತು. ಆ ಒಣ ಗಾಳಿ ರಾತ್ರಿ ಹತ್ತರ ಹೊತ್ತಿಗೆ ನಮ್ಮಲ್ಲಿರುತ್ತದೆ. ಮಂಜು ಏಳುವುದಿಲ್ಲ. ಎರಡು ಸಲ ಲೆಕ್ಕ ಹಾಕಿದೆ. ನನ್ನ ಮನಸ್ಸಿಗೆ ಬೇಕಾದ ಉತ್ತರ ಬರುವವರೆಗೆ ಹಾಕುತ್ತಲೇ ಇರಬಹುದಾಗಿತ್ತು. ಆದರೆ ಆ ಅಭ್ಯಾಸ ನನಗಿಲ್ಲ. ನಾಳೆ ಬೆಳಿಗ್ಗೆ ನಗರದಲ್ಲಿ ಐದು ಡಿಗ್ರಿ. ಕಡ್ಡಿ ಸರಿಯುತ್ತದೆ. ಅವಳ ಅಂಕಿ ಅಳಿಸಿಹೋಗುತ್ತದೆ.

ಅಹಲ್ಯಾಳ ತಂಗಿ ಇಂದಿರಾ ಮೈಸೂರಿನಿಂದ ಬಂದಿದ್ದಳು. ಮರುದಿನ ಎಳ್ಳುನೀರು ಬಿಡುವ ಧರ್ಮೋದಕಕ್ಕೆ ಎಳ್ಳು, ದರ್ಭೆ ಜೋಡಿಸುತ್ತಿದ್ದವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಭಾವ, ಅಕ್ಕ ಹೋಗಿ ಹತ್ತು ದಿನ ತುಂಬಿಲ್ಲ. ಆಗಲೇ ಗಾಳಿ ಮಳೆ ಅಂತ ಕೂತುಬಿಟ್ರಾ?" ಎಂದಳು. "ನೀವು ಗೆರೆ ಎಳೆಯೋದು ನೋಡ್ತಾ ನೋಡ್ತಾನೇ ಅವಳ ತಲೆ ಬೆಳ್ಳಗಾಯ್ತು. ಈ ಚಳೀಲಿ ದಿನಾ ಬೆಳಿಗ್ಗೆ ಮೇಲೆ ಹತ್ತಿಸಿದ್ರಿ. ಇನ್ನಾದ್ರೂ ಬಿಡಿ."

ಇದೇ ಮಾತನ್ನು ಎಂಟು ರಾತ್ರಿಯೂ ನಾನೇ ನನಗೆ ಹೇಳಿಕೊಂಡಿದ್ದೆ. ನಮ್ಮ ತಾರಸಿಯ ಚಳಿ ಊರಿನ ಚಳಿಗಿಂತ ಕೆಟ್ಟದ್ದೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಇಪ್ಪತ್ತು ವರ್ಷಗಳಿಂದ ಅಹಲ್ಯಾ ಹೇಳುವ ಅಂಕಿ ಅಧಿಕೃತ ಅಂಕಿಗಿಂತ ಎರಡೂವರೆ ಡಿಗ್ರಿ ಕಡಿಮೆಯೇ ಇರುತ್ತಿತ್ತು. ವಾಯವ್ಯಕ್ಕೆ ಬಯಲು ಹೊಲಗಳಿವೆ, ರಾತ್ರಿ ತಣ್ಣಗಾದ ಗಾಳಿ ಅಲ್ಲಿಂದ ಹರಿದು ಬಂದು ರೋಹಿಣಿಯ ತಗ್ಗಿನಲ್ಲಿ ನಿಲ್ಲುತ್ತದೆ ಎಂದು ನಾನು ಸಿದ್ಧಾಂತ ಕಟ್ಟಿದ್ದೆ. ಆಫೀಸಿನ ಸಭೆಯಲ್ಲಿ ಪ್ರಬಂಧವನ್ನೂ ಓದಿದ್ದೆ. ಜೊತೆಗೆ ಕೆಲಸ ಮಾಡುತ್ತಿದ್ದ ಮುರಳೀಧರನೊಬ್ಬನೇ ಎದ್ದು, ಮೋಡದ ರಾತ್ರಿಯೂ ಅದೇ ಎರಡೂವರೆಯೇ ಇದ್ದರೆ ಕಾರಣ ಹೊಲವಲ್ಲ, ನಿನ್ನ ಥರ್ಮಾಮೀಟರನ್ನು ನೋಡು ಎಂದಿದ್ದ. ನನಗೆ ಸಿಟ್ಟು ಬಂದಿತ್ತು. ನೋಡಿದವಳು ನನ್ನ ಹೆಂಡತಿ, ಒಂದು ದಿನವೂ ತಪ್ಪಿಸಿದವಳಲ್ಲ ಎಂದು ಉತ್ತರ ಕೊಟ್ಟು ಕುಳಿತುಕೊಂಡಿದ್ದೆ.

ಸಂಜೆ ಐದೂವರೆ. ಬೆಳಕು ಹೋಗುತ್ತಿತ್ತು. ಇನ್ನು ನಾಚಿಕೊಂಡರೆ ಆಗದು ಎಂದು ಇಂದಿರಾಳಿಗೂ, ಅಷ್ಟರಲ್ಲಿ ಅಲ್ಲಿಗೆ ಬಂದ ಸುರೇಶ, ಹರ್ಷಿಣಿಗೂ ಎಲ್ಲವನ್ನೂ ಹೇಳಿದೆ. ಅಂಕಿ ಹೇಳದೆ ಹೋದದ್ದು, ಕಡ್ಡಿ ಇನ್ನೂ ನಿಂತಿರುವುದು, ಈ ರಾತ್ರಿ ಆ ಅಂಕಿ ಅಳಿಸಿಹೋಗುವುದು. ಒಂಬತ್ತು ದಿನದಲ್ಲಿ ಅತ್ತದ್ದು ಆಗಲೇ, ನಕ್ಷೆಯ ಮೇಲೆ ತಲೆಯಿಟ್ಟು. ಇಂದಿರಾ ಬಂದು ಬೆನ್ನ ಮೇಲೆ ಕೈಯಿಟ್ಟಳು. ಸುರೇಶ ಜೇಬಿನಿಂದ ಬೀಗದ ಕೈ ತೆಗೆದ.

"ನಾನು ಹೋಗ್ತೀನಿ," ಎಂದಳು ಹರ್ಷಿಣಿ. "ನಂಗೆ ನೋಡೋಕೆ ಬರತ್ತೆ. ಅತ್ತೆ ಕಲಿಸಿದ್ದಾರೆ."

ಹರ್ಷಿಣಿ ದಿಲ್ಲಿಯ ಕರೋಲ್ ಬಾಗ್‌ನಲ್ಲೇ ಹುಟ್ಟಿ ಬೆಳೆದ, ಮಾತಿನಲ್ಲಿ ಹಿಂದಿ ಬೆರೆಸುವ ಕನ್ನಡದ ಹುಡುಗಿ. ಅವಳಿಗೆ ಅತ್ತೆ ಇದನ್ನು ಕಲಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಕೊಳವೆಯನ್ನು ಮುಟ್ಟಬೇಡ, ಉಸಿರು ತಾಗಿಸಬೇಡ ಎಂದೆ. ಅವಳು ಮೊಬೈಲಿನ ದೀಪ ಹಿಡಿದು ಮೆಟ್ಟಿಲು ಹತ್ತಿದಳು. ಹದಿನಾಲ್ಕು ಮೆಟ್ಟಿಲು. ಬೀಗ ತೆಗೆದ ಸದ್ದು. ನಾವು ಮೂವರೂ ಕೆಳಗೆ ಸೂರು ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಅವಳು ಇಳಿದು ಬಂದಳು. ನೇರ ನನ್ನ ಕಡೆಗೆ ಬರಲಿಲ್ಲ. ದೇವರ ಮನೆಯ ಗೋಡೆಯ ಬಳಿ ಹಚ್ಚಿಟ್ಟಿದ್ದ ದೀಪದ ಮುಂದೆ ಕೈಮುಗಿದು, ತುಟಿ ಅಲ್ಲಾಡಿಸಿ, ಆಮೇಲೆ ತಿರುಗಿದಳು.

"ನಾಲ್ಕೂಕಾಲು, ಮಾವ."

ಅಹಲ್ಯಾ ಹೋಗುವ ಹಿಂದಿನ ಸಂಜೆ, ನಗರದ ಅಂದಾಜಿನಿಂದ ಎರಡೂವರೆ ಕಳೆದು, ನಮ್ಮ ತಾರಸಿಗೆಂದು ನಾನು ಪುಸ್ತಕದಲ್ಲಿ ಬರೆದ ಮುನ್ಸೂಚನೆಯೂ ನಾಲ್ಕೂಕಾಲೇ. ಬರೆಯಲು ಪೆನ್ಸಿಲ್ ಎತ್ತಿದವನು ಅಭ್ಯಾಸಬಲದಿಂದ ಕೇಳಿದೆ, "ಯಾವ ತುದಿ ನೋಡಿದೆ?"

"ಬಲಗಡೆದು. ಯಾವಾಗ್ಲೂ ಬಲಗಡೆ ತುದೀನೇ ನೋಡ್ಬೇಕು ಅಂತ ಅತ್ತೆ ಹೇಳಿದ್ರಲ್ಲ. ಫೋಟೊ ಭೀ ತೆಗೆದಿದೀನಿ, ದೇಖಿಯೇ."

ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದೆ. ಗಾಜಿನ ಕೊಳವೆ, ಕಪ್ಪು ಕಡ್ಡಿ. ಗುಂಡು ಬಲಗಡೆಗಿತ್ತು.

ಕಡ್ಡಿಗೆ ಎರಡು ತುದಿಗಳಿರುತ್ತವೆ. ಗುಂಡಿನಿಂದ ದೂರದ ತುದಿಯನ್ನು ಓದಬೇಕು. ಇದು ನಮ್ಮ ಕೆಲಸದಲ್ಲಿ ಮೊದಲ ದಿನದ ಪಾಠ. ಫೋಟೊದಲ್ಲಿ ದೂರದ ತುದಿ, ಎಡಗಡೆಯದು, ಆರು ಮುಕ್ಕಾಲಿನಲ್ಲಿತ್ತು. ಗುಂಡಿನ ಕಡೆಯ ತುದಿ ನಾಲ್ಕೂಕಾಲಿನಲ್ಲಿ. ನಡುವೆ ಎರಡೂವರೆ ಡಿಗ್ರಿ. ಅದು ಕಡ್ಡಿಯ ಉದ್ದ.

ಕುಳಿತಲ್ಲಿಯೇ ಎಲ್ಲ ನೆನಪಾಯಿತು. ಮೊದಲು ಇಟ್ಟ ಥರ್ಮಾಮೀಟರಿಗೆ ಗುಂಡು ಎಡಗಡೆಗಿತ್ತು. "ಬಲಗಡೆ ತುದಿ ನೋಡು, ಅಷ್ಟೇ, ಬೇರೇನೂ ಯೋಚನೆ ಮಾಡಬೇಡ" ಎಂದು ನಾನೇ ಹೇಳಿಕೊಟ್ಟಿದ್ದೆ. ಗುಂಡಿನ ವಿಷಯ ಹೇಳಿದರೆ ಗೊಂದಲವಾದೀತು ಎಂದು ಬಿಟ್ಟಿದ್ದೆ. ಎರಡನೆಯ ವರ್ಷದ ಬೇಸಿಗೆಯಲ್ಲಿ ಆಂಧಿ, ಅಂದರೆ ಧೂಳಿನ ಬಿರುಗಾಳಿ, ಬೀಸಿ ಪೆಟ್ಟಿಗೆ ಉರುಳಿ ಅದು ಒಡೆಯಿತು. ಕರೋಲ್ ಬಾಗ್‌ನ ಒಂದು ಅಂಗಡಿಯಲ್ಲಿ ಹೊಸದು ಕೊಂಡೆ. ಅದರ ಗುಂಡು ಬಲಗಡೆಗೆ. ಡ್ಯೂಟಿಗೆ ಹೊತ್ತಾಗುತ್ತಿತ್ತು, ಅವಸರದಲ್ಲಿ ಕೂರಿಸಿ ಓಡಿದೆ. ಅವಳಿಗೆ ಹೊಸದಾಗಿ ಏನೂ ಹೇಳಲಿಲ್ಲ. ಅವಳು ನಾನು ಹೇಳಿದಂತೆಯೇ ಬಲಗಡೆಯ ತುದಿಯನ್ನು ನೋಡುತ್ತ ಹೋದಳು, ಒಂದು ದಿನವೂ ತಪ್ಪಿಸದೆ. ನಾನು ಸಿದ್ಧಾಂತ ಕಟ್ಟಿದ ಶೀತದ ತಗ್ಗು ಆ ವರ್ಷವೇ ಹುಟ್ಟಿತು. ಹೊಲವೂ ಇಲ್ಲ, ತಣ್ಣನೆಯ ಗಾಳಿಯ ಹರಿವೂ ಇಲ್ಲ. ಸಭೆಯಲ್ಲಿ ಎದೆಯುಬ್ಬಿಸಿ ಓದಿದ್ದು ಒಂದು ಕಡ್ಡಿಯ ಉದ್ದವನ್ನು.

ನನಗೆ ನಗು ಬಂತು. ಸಾವಿನ ಮನೆಯಲ್ಲಿ ನಗಬಾರದೆಂದು ತಡೆಯಲು ನೋಡಿದೆ, ಆಗಲಿಲ್ಲ. ಸುರೇಶ ಗಾಬರಿಯಾಗಿ ನೀರು ತಂದ. ವಿಷಯ ಹೇಳಿದಾಗ ಇಂದಿರಾ ಸೆರಗು ಬಾಯಿಗೆ ಒತ್ತಿಕೊಂಡು, "ಇಪ್ಪತ್ತು ವರ್ಷ ಅವಳಿಂದ ಸುಳ್ಳು ಹೇಳಿಸಿದ್ರಲ್ಲ ಭಾವ, ಪಾಪದವಳ ಕೈಲಿ," ಎಂದಳು. ಅವಳೂ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಮುರಳೀಧರನಿಗೆ ಫೋನು ಮಾಡಿದೆ. ಅವನು ನೋಯ್ಡಾದಲ್ಲಿ ಮಗಳ ಮನೆಯಲ್ಲಿದ್ದಾನೆ. ಸಾವಿನ ಸುದ್ದಿ ಕೇಳಿ ಮೊದಲ ದಿನವೇ ಬಂದು ಹೋಗಿದ್ದ. ಮೋಡದ ರಾತ್ರಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ ಎಂದೆ. ಅವನು "ಯಾವ ಮೋಡದ ರಾತ್ರಿ?" ಎಂದು ಕೇಳಿದ. ಮರೆತಿದ್ದ. ನಾನು ಹದಿನೈದು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಸಿಟ್ಟು ಅವನಿಗೆ ಗೊತ್ತೇ ಇರಲಿಲ್ಲ. ಊಟ ಮಾಡು, ನಿದ್ದೆ ಮಾಡು ಎಂದು ಹೇಳಿ ಇಟ್ಟ.

ಪುಸ್ತಕ ಮುಂದಿತ್ತು. ಮಂಗಳವಾರದ ಸಾಲು ಖಾಲಿ. ಏನು ಬರೆಯುವುದು? ಕೊಳವೆಯ ಸತ್ಯ ಆರು ಮುಕ್ಕಾಲು. ಆದರೆ ಅವಳು ಕಂಡು, ಮನಸ್ಸಿನಲ್ಲಿ ಹೊತ್ತು ಇಳಿದು ಬಂದದ್ದು ನಾಲ್ಕೂಕಾಲು. ಬಾಯಿ ತೆರೆದಿದ್ದರೆ ಅದನ್ನೇ ಹೇಳುತ್ತಿದ್ದಳು. ನೋಡಿದವರು ಹೇಳಿದ್ದನ್ನು ತಿದ್ದಬಾರದು, ತಪ್ಪೆಂದು ಗೊತ್ತಾದರೆ ಪಕ್ಕದಲ್ಲಿ ಷರಾ ಬರೆಯಬೇಕು ಎನ್ನುವುದು ಆಫೀಸಿನ ನಿಯಮ. ಅವಳ ಅಂಕಿಯ ಜಾಗದಲ್ಲಿ ೪.೨೫ ಎಂದು ಬರೆದೆ. ಷರಾದ ಜಾಗದಲ್ಲಿ, "ಕಲಿಸಿದವನ ತಪ್ಪು. ಸರಿಯಾದ ಅಂಕಿ ೬.೭೫" ಎಂದು ಬರೆದೆ. ಪುಟ ತಿರುವಿ ಹಳೆಯದನ್ನೆಲ್ಲ ತಿದ್ದುವ ಮನಸ್ಸಾಗಲಿಲ್ಲ. ಅಷ್ಟು ಶಕ್ತಿಯೂ ಇಲ್ಲ.

ರಾತ್ರಿ ಮಲಗಿದಾಗ ಒಂದು ಮಾತು ಹೊಳೆಯಿತು. ಇಷ್ಟು ವರ್ಷ ನಾನು ಹೆಂಡತಿಯನ್ನು ನಾಲ್ಕು ಡಿಗ್ರಿ, ಎರಡು ಡಿಗ್ರಿ, ಒಮ್ಮೆಯಂತೂ ಸೊನ್ನೆಗಿಂತ ಕೆಳಗಿನ ಚಳಿಗೆ ಕಳಿಸಿದೆನೆಂದು ತಿಳಿದಿದ್ದೆ. ಅಷ್ಟು ಚಳಿ ಇರಲಿಲ್ಲ. ಅವಳು ಹತ್ತಿದ ಪ್ರತಿ ಬೆಳಗೂ ನಾನು ಅಂದುಕೊಂಡದ್ದಕ್ಕಿಂತ ಎರಡೂವರೆ ಡಿಗ್ರಿ ಬೆಚ್ಚಗಿತ್ತು. ಇದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಆದರೂ ಅದನ್ನು ಹಿಡಿದುಕೊಂಡು ನಿದ್ದೆ ಹೋದೆ.

ಹತ್ತನೆಯ ದಿನ ಬೆಳಿಗ್ಗೆ ಎಲ್ಲರೂ ಸ್ನಾನಕ್ಕೆ ಓಡಾಡುತ್ತಿದ್ದರು. ಹರ್ಷಿಣಿ ಯಾರೂ ಹೇಳದೆಯೇ ಮೇಲೆ ಹೋಗಿ ಬಂದು, ದೀಪದ ಮುಂದೆ ನಿಂತು, ಆಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದಳು. ಈ ಸಲ ಎಡಗಡೆಯ ತುದಿ ನೋಡಿದೆ, ನಾಲ್ಕು ದಶಮಾಂಶ ಒಂಬತ್ತು ಎಂದಳು. ಹಿಂದಿನ ರಾತ್ರಿ ನಾನು ಐದು ಎಂದು ಬರೆದಿದ್ದೆ, ಮೊದಲಿನಂತೆ ಎರಡೂವರೆ ಕಳೆಯದೆ. ಕಡ್ಡಿ ಸರಿದಿತ್ತು. ಮಂಗಳವಾರದ ಬೆಳಗು ಇನ್ನು ತಾರಸಿಯ ಮೇಲಿರಲಿಲ್ಲ.

"ಬರ್ಕೊಂಡ್ರಾ ಮಾವ? ಕಡ್ಡಿ ಬೀಳಿಸ್ಲಾ?"

ಅಹಲ್ಯಾ ದಿನವೂ ಕೇಳುತ್ತಿದ್ದ ಮಾತು. ಅದನ್ನೂ ಕಲಿಸಿ ಹೋಗಿದ್ದಾಳೆ.

"ಬರ್ಕೊಂಡೆ," ಎಂದೆ. "ಬೀಳಿಸಮ್ಮ."

ಅವಳು ಮೆಟ್ಟಿಲು ಹತ್ತುವ ಸದ್ದು ಕೇಳುತ್ತ ನಾನು ಕೈಮುಗಿದು ಕುಳಿತೆ. ನಾರಾಯಣ, ಆ ದಿನ ನಿನ್ನ ಹೆಸರನ್ನು ಮೊದಲು ಹೇಳಬೇಕೆಂದು ಅವಳು ನನ್ನ ಅಂಕಿಯನ್ನು ತಡೆದಿಟ್ಟುಕೊಂಡಳು. ಆ ಹೆಸರು ಅವಳ ಬಾಯಿಂದ ನಿನಗೆ ತಲುಪಿತೆಂದು ನಂಬಿದ್ದೇನೆ. ನನಗೆ ತಲುಪಬೇಕಾದದ್ದೂ ತಡವಾಗಿಯಾದರೂ ತಲುಪಿತು. ಅವಳ ಮೇಲೆ ಇನ್ನು ಯಾವ ಕೆಲಸವೂ ಬಾಕಿಯಿಲ್ಲ. ಅವಳ ಲೆಕ್ಕದಲ್ಲಿ ಕಾಣುವ ತಪ್ಪೆಲ್ಲ ನನ್ನದೆಂದು ಬರೆದುಕೋ. ಬೆಳಗಿನ ಜಾವ ಎದ್ದು ಮೆಟ್ಟಿಲು ಹತ್ತಬೇಕಿಲ್ಲದ ಜಾಗದಲ್ಲಿ, ನಿನ್ನ ಪಾದದ ಹತ್ತಿರ, ಆ ದಣಿದ ಜೀವವನ್ನು ಬೆಚ್ಚಗೆ ಮಲಗಿಸು. ಅವಳಿಗೆ ಶಾಂತಿಯನ್ನು ಕೊಡು.